ಐವತ್ತರ ಲೆನ್ಸು, ಬಿಳಿ ಧೋತರ

ಗದಗಿನ ವೀರೂನ ಸ್ಟುಡಿಯೋಕ್ಕೆ ಸತ್ತವರು ಬರುವುದು ಆಧಾರ್ ಕಾರ್ಡಿನಲ್ಲಿ. ಮಗ ಬರುತ್ತಾನೆ, ಅಂಗಿಯ ಕಿಸೆಯಿಂದ ಕಾರ್ಡು ತೆಗೆದು ಗಾಜಿನ ಮೇಜಿನ ಮೇಲೆ ಒಗೆಯುತ್ತಾನೆ, "ನಮ್ಮವ್ವಂದ್ರಿ, ದೊಡ್ಡದು ಮಾಡಿ ಕೊಡ್ರಿ, ಗ್ವಾಡಿಗೆ ಹಾಕೂದೈತಿ" ಎನ್ನುತ್ತಾನೆ. ಎಂಬತ್ತು ವರ್ಷ ಬಾಳಿದ ಹೆಂಗಸು. ರೊಟ್ಟಿ ಬಡಿದು, ಕಳೆ ತೆಗೆದು, ಆರು ಹಡೆದು ಹೋದಳು. ಅವಳ ಇಡೀ ಬಾಳಿನಲ್ಲಿ ಉಳಿದ ಮುಖವೆಂದರೆ ಬಿಸಿಲಲ್ಲಿ ಪಾಳಿ ಹಚ್ಚಿ, ಹೆಬ್ಬೆಟ್ಟು ಒತ್ತಿ ಒತ್ತಿ ಸಾಕಾಗಿ, ಕ್ಯಾಮೆರಾದ ಕಡೆ ಕೆಕ್ಕರಿಸಿದ್ದು. ಅದೂ ಅಂಚೆ ಚೀಟಿಯಷ್ಟು. ಮಗನ ಕಿಸೆಯಲ್ಲಿ ಮಾತ್ರ ಮೂರು ಕಣ್ಣಿನ ಮೊಬೈಲು. ಅದರಲ್ಲಿ ಅವನ ಬೈಕಿನ ಫೋಟೊ ನಾನೂರು, ಎತ್ತಿನದು ಎಂಟು, ಅವ್ವನದು ಒಂದೂ ಇಲ್ಲ.

ಆ ಅಂಚೆ ಚೀಟಿಯನ್ನು ಗೋಡೆಯ ಅಳತೆಗೆ ಹಿಗ್ಗಿಸುವ ಕೆಲಸ ಸೌಂದರ್ಯಾಳದು. ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿಯ ತಿರಕಪ್ಪನ ಮಗಳು, ಮೂವತ್ತೊಂದು ವರ್ಷದವಳು. ಒಂಬತ್ತು ವರ್ಷದಿಂದ ವೀರೂನ ಕಂಪ್ಯೂಟರಿನ ಮುಂದೆ ಕುಂತು ಸತ್ತವರಿಗೆ ರೇಷ್ಮೆ ಸೀರೆ ಉಡಿಸುತ್ತಿದ್ದಳು, ಬೋಳು ತಲೆಗೆ ರುಮಾಲು ಸುತ್ತುತ್ತಿದ್ದಳು, ಕೊನೆಗೆ ಮುಖಕ್ಕೆ ಬಿಳಿ ಬಳಿಯುತ್ತಿದ್ದಳು. ಬಿಳಿ ಬಳಿಯದೆ ಯಾವ ಹೆಣವೂ ಆ ಅಂಗಡಿಯಿಂದ ಹೊರಗೆ ಹೋಗುತ್ತಿರಲಿಲ್ಲ. "ಕರಿ ಮಾರಿ ಕೊಟ್ರ ಗಿರಾಕಿ ತಿರುಗಿ ಬರೂದಿಲ್ಲ" ಎನ್ನುವುದು ವೀರೂನ ವೇದ. ಎರೆಮಣ್ಣಿನ ಸೀಮೆಯಲ್ಲಿ, ಮಣ್ಣಿನದೇ ಬಣ್ಣದ ಮಂದಿ ಸತ್ತ ಕೂಡಲೇ ಸುಣ್ಣದ ಬಣ್ಣಕ್ಕೆ ತಿರುಗುತ್ತಾರೆ. ಇದಕ್ಕೆ ಯಾರೂ ನಗುವುದಿಲ್ಲ. ಕೈಮುಗಿದು ಊದಿನಕಡ್ಡಿ ಹಚ್ಚುತ್ತಾರೆ.

ಅಂಥದರಲ್ಲಿ ಒಂದು ಶ್ರಾವಣದ ದಿನ ಲಕ್ಷ್ಮೇಶ್ವರದ ಕಡೆಯವನೊಬ್ಬ ಬಂದು ಕಾರ್ಡು ಒಗೆದ. ಗಡಿಬಿಡಿಯಲ್ಲಿದ್ದ.

"ಯಾವಾಗ ತೀರ್ಕೊಂಡ್ರಿ?" ಎಂದಳು ಸೌಂದರ್ಯಾ, ಕಾರ್ಡಿನ ಮೇಲಿನ ಮುದುಕಿಯನ್ನು ನೋಡುತ್ತ.

"ಇನ್ನಾ ಇಲ್ರಿ. ದವಾಖಾನ್ಯಾಗ ಅದಾಳ. ಡಾಕ್ಟರು ಎರಡು ದಿನ ಅಂದಾರ. ಆಮ್ಯಾಲೆ ಧಾವತಿ ಭಾಳ ಆಗ್ತೈತಿ, ಈಗಽ ಮಾಡಿ ಇಡ್ರಿ."

ಸೌಂದರ್ಯಾ ಕುರ್ಚಿಯಿಂದ ಎದ್ದಳು. ಆಮೇಲೆ ಹೇಳಿದಳು: "ಜೀವ ಐತೆಲ್ರಿ ಇನ್ನ? ನಡ್ರಿ, ನಾನು ಬರ್ತೀನಿ. ಖರೇ ಮುಖಾನಽ ತಗದು ಕೊಡ್ತೀನಿ."

ಆ ಮನುಷ್ಯ ಹಾವು ತುಳಿದವನಂತೆ ಹಿಂದೆ ಸರಿದ. "ಏ, ಏನ್ ಮಾತಾಡ್ತೀಯವ್ವಾ? ಜೀವ ಇದ್ದಾಕೀನ ಒಬ್ಬಾಕೀನ ಕುಂಡ್ರಿಸಿ ಫೋಟೊ ತಗದ್ರ ಮಂದಿ ಏನಂತಾರ? ಅವ್ವ ಸಾಯ್ಲಿ ಅಂತ ಕಾಯಾಕತ್ತಾನ ಅನ್ನೂದಿಲ್ಲ?"

ಈ ಸೀಮೆಯ ನ್ಯಾಯ ಇಷ್ಟೇ. ಗೋಡೆಯ ಮೊಳೆ ಸತ್ತವರ ಸೊತ್ತು. ಬದುಕಿದ್ದವರ ಒಂಟಿ ಮುಖ ತೆಗೆಸುವುದು ಅಪಶಕುನ. ಉಸಿರಾಡುವ ಅವ್ವನ ಕಾರ್ಡು ಕದ್ದು ತಂದು ಮುಂಗಡವಾಗಿ ಹಾರ ಅಂಟಿಸಿಕೊಂಡು ಹೋಗುವುದು ಮಾತ್ರ ಮಗನ ಕರ್ತವ್ಯ.

ಸೌಂದರ್ಯಾ ಕಾರ್ಡನ್ನು ಅವನ ಕೈಗೇ ತಿರುಗಿ ಇಟ್ಟಳು. ಒಳಗಿನಿಂದ ವೀರು ಎದ್ದು ಬಂದು, ಗಿರಾಕಿಯ ಮುಂದೆಯೇ ಆಕೆಯ ಜನ್ಮ ಜಾಲಾಡಿದ. ಆಕೆ ಚೀಲ ಹೆಗಲಿಗೆ ಹಾಕಿಕೊಂಡಳು.

"ಹೋಗು, ಹೋಗು," ಎಂದ ವೀರು. "ಹಳ್ಳಿ ತಿರುಗಿ ಮುದುಕ್ಯಾರ ಫೋಟೊ ತಗದು ಹೊಟ್ಟಿ ತುಂಬಿಸ್ಕೊತೀಯೇನ? ಆರು ತಿಂಗಳ ಕೊಡ್ತೀನಿ. ತಿರುಗಿ ಇದಽ ಕುರ್ಚಿಗೆ ಬರ್ತಿ. ಆವಾಗ ಅರ್ಧಾ ಪಗಾರ, ಬಾಯಿ ಮುಚ್ಕೊಂಡು ಮಾಡಬೇಕು."

ಅರ್ಧ ಪಗಾರಕ್ಕಿಂತ ಆ ಬಾಯಿ ಮುಚ್ಚಿಕೊಂಡು ಎನ್ನುವುದೇ ಆಕೆಗೆ ಚುಚ್ಚಿದ್ದು. ಆರು ತಿಂಗಳೊಳಗೆ ತನ್ನ ಕ್ಯಾಮೆರಾದಿಂದ ತಾನು ಉಣ್ಣಬೇಕು, ಇಲ್ಲವಾದರೆ ಆ ಕುರ್ಚಿ. ಬೇರೆ ದಾರಿ ಇರಲಿಲ್ಲ.

ತಿರಕಪ್ಪ ಎರಡು ಟಗರು ಮಾರಿ, ಅದಕ್ಕೆ ಮಗಳ ಉಳಿತಾಯ ಕೂಡಿಸಿ ನಲವತ್ತು ಸಾವಿರ ಮಾಡಿ ಕೊಟ್ಟ. ಕೊಡುವಾಗ ಕೇಳಿದ: "ಕುರಿ ತಗೊಂಡ್ರ ವರ್ಷಕ್ಕ ಮರಿ ಹಾಕ್ತಾವು. ಈ ನಿನ್ನ ಕ್ಯಾಮೆರಾ ಏನ್ ಹಾಕ್ತೈತಿ?"

"ನೋಡೂಣು ತಡೀಪಾ," ಎಂದಳು.

ನೋಡುವುದು ಬೇಗ ಆಯಿತು. ಒಂಬತ್ತು ವರ್ಷ ವೀರೂನನ್ನು ಬೈದವಳು ಕ್ಯಾಮೆರಾ ಅಂಗಡಿಗೆ ಹೋದ ಕೂಡಲೇ ವೀರೂನದೇ ಬುದ್ಧಿ ಮಾಡಿದಳು. ಈ ಕಡೆ ಫೋಟೊದವನ ಮರ್ಯಾದೆ ಅಳೆಯುವುದು ಲೆನ್ಸಿನ ಉದ್ದದ ಮೇಲೆ. ಮದುವೆಮನೆಯಲ್ಲಿ ತೋಪಿನಂಥ ಲೆನ್ಸು ಹೊತ್ತವನನ್ನು ಬೀಗರ ಪಂಕ್ತಿಯಲ್ಲಿ ಕೂಡಿಸುತ್ತಾರೆ. ಗಿಡ್ಡ ಲೆನ್ಸಿನವನು ಡ್ರೈವರ್‌ಗಳ ಸಾಲಿನಲ್ಲಿ ಉಣ್ಣಬೇಕು. ಮೊದಲೇ ಹೆಣ್ಣು, ಅದರಲ್ಲಿ ಕುರಿಕಾಯುವವನ ಮಗಳು. ಕೈಯಲ್ಲಿ ತೋಪಾದರೂ ಇರಲಿ ಎಂದುಕೊಂಡಳು. ಕ್ಯಾಮೆರಾವನ್ನು ಬೆಟಗೇರಿಯಲ್ಲಿ ಹಳೆಯ ಕ್ಯಾಮೆರಾ ರಿಪೇರಿ ಮಾಡಿ ಮಾರುವ ಅಝೀಮನ ಹತ್ತಿರ ಕೊಂಡಳು. ಲೆನ್ಸಿಗೆ ಮಾತ್ರ ಅವನ ಮಾತು ಕೇಳದೆ ಹುಬ್ಬಳ್ಳಿಗೆ ಹೋಗಿ, ಒಂದೂವರೆ ಕಿಲೋ ತೂಗುವ ದೂರದ್ದನ್ನು ಹತ್ತಿರ ಎಳೆಯುವ ಎಪ್ಪತ್ತು-ಇನ್ನೂರು ಮಿಲಿಮೀಟರಿನ ಹಳೇ ಲೆನ್ಸನ್ನೂ, ಛತ್ರಿ ಸಿಕ್ಕಿಸಿದ ಎರಡು ದೊಡ್ಡ ಕರೆಂಟಿನ ಲೈಟುಗಳನ್ನೂ ಹೊತ್ತು ತಂದಳು. ಬಸ್ಸಿನಲ್ಲಿ ಕಂಡಕ್ಟರು ಛತ್ರಿ ಲೈಟಿಗೂ ಟಿಕೆಟು ಹರಿದ.

ಮೊದಲ ಪರೀಕ್ಷೆ ಶಿರಹಟ್ಟಿ ತಾಲೂಕಿನ ಬೆಳ್ಳಟ್ಟಿಯಲ್ಲಿ, ತನ್ನ ದೊಡ್ಡವ್ವ ಮರಿಯವ್ವನ ಮೇಲೆ. ಎರಡಂಕಣದ ಮನೆ. ಒಂದಂಕಣ ಎಂದರೆ ಕಂಬದಿಂದ ಕಂಬಕ್ಕೆ ಏಳೆಂಟು ಅಡಿ. ಅದರಲ್ಲಿ ಜೋಳದ ಚೀಲ ಒಂದು ಕಡೆ, ಹಾಸಿಗೆ ಸುರುಳಿ ಒಂದು ಕಡೆ. ಆ ಲೆನ್ಸೋ, ಆರಡಿ ದೂರ ಸಿಗದಿದ್ದರೆ ಎದುರಿನ ಮನುಷ್ಯನನ್ನು ಗುರುತೇ ಹಿಡಿಯದು, ಸಾಲ ಕೊಟ್ಟವನನ್ನು ಕಂಡ ಗೌಡನಂತೆ. ಸೌಂದರ್ಯಾ ಹಿಂದೆ ಸರಿದಳು, ಬೆನ್ನಿಗೆ ಚೀಲ ತಾಗಿತು. ಹೊಸ್ತಿಲು ದಾಟಿದಳು, ಮುಖ ಬಂತು, ಮಡಿಲ ಮೇಲಿನ ಕೈ ಬರಲಿಲ್ಲ. ಅಂಗಳಕ್ಕೆ ಇಳಿದಳು. ಆಮೇಲೆ ಓಣಿಗೆ.

"ಎಲ್ಲಿ ಹೊಂಟೀಲೇ?" ಒಳಗಿನಿಂದ ಮರಿಯವ್ವ ಕೂಗಿದಳು. "ನನ್ನ ಫೋಟೊ ತಗೀತಿಯೋ, ಶಿರಹಟ್ಟಿಗೆ ಹೋಗ್ತಿಯೋ?"

ಓಣಿಯಿಂದ ಎಲ್ಲ ಸರಿಯಾಗಿ ಕಂಡಿತು. ಒತ್ತುವಷ್ಟರಲ್ಲಿ ನಡುವೆ ಎಮ್ಮೆ ಬಂತು. ಎಮ್ಮೆ ಹೋಯಿತು, ಕರೆಂಟೂ ಹೋಯಿತು. ಛತ್ರಿ ಲೈಟುಗಳು ಮಳೆ ಕಾಯುವ ಮುದುಕರಂತೆ ನಿಂತವು. ಲೈನ್‌ಮನ್ನನ್ನು ಕೇಳಿದರೆ ಸಂಜೆ ನಾಲ್ಕಕ್ಕೆ ಎಂದ. ಓಣಿಯ ಹೆಂಗಸರು ಕಟ್ಟೆಯ ಮೇಲೆ ಸಾಲುಗಟ್ಟಿ ಕುಂತು ಬಿದ್ದು ಬಿದ್ದು ನಕ್ಕರು.

ಮರುದಿನ ಆ ಒಂದೂವರೆ ಕಿಲೋವನ್ನು ಬೆಟಗೇರಿಯ ಮೇಜಿನ ಮೇಲೆ ಇಟ್ಟಾಗ ಅಝೀಮ ಕುರ್ಚಿ ಎಳೆದು ಕೊಟ್ಟ. ಚಹಾ ತರಿಸಿದ.

"ಹೇಳಿದ್ನೆಲ್ಲ ತಂಗಿ? ಇದು ಸ್ಟೇಜ್ ಮ್ಯಾಲಿನ ಮಂತ್ರೀನ ಕೆಳಗ ನಿಂತು ತಗಿಯಾಕ. ಮಂತ್ರಿ ಹತ್ರ ಯಾರನ್ನೂ ಬಿಡೂದಿಲ್ಲ, ಅದಕ್ಕ ಉದ್ದ ಬೇಕು. ನಿಮ್ಮ ದೊಡ್ಡವ್ವನ ಹತ್ರ ಹೋಗಾಕ ಪೊಲೀಸರು ಅಡ್ಡ ಬರ್ತಾರೇನು?"

"ಹಂಗಾರ ಯಾವ್ದು ಹೇಳಣ್ಣ."

"ಮನಿ ಅಳತಿ ನೋಡಿ ಲೆನ್ಸ್ ತಗೋಬೇಕು. ಮಂದಿ ಬಾಯಿ ನೋಡಿ ಅಲ್ಲ." ಗಾಜಿನ ಕಪಾಟಿನಿಂದ ಎರಡು ಗಿಡ್ಡ ಲೆನ್ಸು ತೆಗೆದಿಟ್ಟ. "ಇದು ಮೂವತ್ತೈದು. ಇಕ್ಕಟ್ಟಿನ್ಯಾಗ ಛಲೋ, ಖರೆ. ಆದ್ರ ಮುಖ ತುಂಬಾಕ ಭಾಳ ಹತ್ರ ಹೋಗಬೇಕು. ಹತ್ರ ಹೋದ್ರ ಮೂಗು ಬದನಿಕಾಯಿ ಆಗ್ತೈತಿ. ಮುದುಕ್ಯಾರು ನಿನ್ನ ಸುಮ್ನ ಬಿಡೂದಿಲ್ಲ. ಇದು ಐವತ್ತು. ಒಂದಂಕಣ ಸಿಕ್ರ ಸಾಕು, ತಲಿಯಿಂದ ಮಡಿಲತನಕಾ ಬರ್ತೈತಿ. ಕಣ್ಣು ದೊಡ್ಡದು, ಕತ್ತಲ ಮನ್ಯಾಗೂ ಬೆಳಕು ಎಳಕೋತೈತಿ. ಇದ್ದುದರಾಗ ಇದಽ ಸಸ್ತಾ."

ಐವತ್ತರ ಲೆನ್ಸು ಒಂದು ಈರುಳ್ಳಿ ಗಡ್ಡೆಯಷ್ಟಿತ್ತು. ಅದನ್ನು ಕೈಯಲ್ಲಿ ಹಿಡಿದು ಸೌಂದರ್ಯಾ ಬಹಳ ಹೊತ್ತು ನೋಡಿದಳು. ಇದನ್ನು ಹಿಡಿದು ಹೋದರೆ ಬೀಗರ ಪಂಕ್ತಿ ಇರಲಿ, ಡ್ರೈವರ್‌ಗಳ ಪಂಕ್ತಿಯೂ ಸಿಗುವುದಿಲ್ಲ ಎನ್ನಿಸಿತು. ಆದರೂ ತೋಪು ಕೊಟ್ಟು ಗಡ್ಡೆ ತೆಗೆದುಕೊಂಡಳು. ಛತ್ರಿ ಲೈಟುಗಳನ್ನು ಕೊಟ್ಟು, ನಾಲ್ಕು ಸೆಲ್ಲು ಹಾಕಿದರೆ ಉರಿಯುವ ಅಂಗೈಯಗಲದ ಫ್ಲ್ಯಾಶು, ಅದನ್ನು ದೂರದಿಂದ ಹೊತ್ತಿಸುವ ಒಂದು ಡಬ್ಬಿ, ಮಡಚುವ ಸ್ಟ್ಯಾಂಡು ತಂದಳು. ಎಲ್ಲವೂ ಒಂದು ಶಾಲೆ ಚೀಲದಲ್ಲಿ ಹಿಡಿಯಿತು.

ಎರಡನೆಯ ಪೆಟ್ಟು ಬೆಳ್ಳಟ್ಟಿಯಲ್ಲೇ ಕಾದಿತ್ತು. ಮೊಬೈಲಿನಲ್ಲಿ ಪಾಠ ಹೇಳುವ ದೊಡ್ಡ ಊರಿನ ಪಂಡಿತರೆಲ್ಲ ಒಂದೇ ಹೇಳುತ್ತಾರೆ: ಫ್ಲ್ಯಾಶನ್ನು ಮುಖಕ್ಕೆ ಹೊಡೆಯಬೇಡಿ, ಗೋಡೆಗೆ ಹೊಡೆಯಿರಿ, ಬೆಳಕು ಮೆತ್ತಗೆ ತಿರುಗಿ ಬರುತ್ತದೆ. ಆ ಪಂಡಿತರ ಗೋಡೆ ಬಿಳಿ. ಮರಿಯವ್ವನ ಗೋಡೆ ಗಿಳಿಹಸಿರು. ಬೆಳ್ಳಟ್ಟಿಯ ಅರ್ಧ ಊರಿನ ಗೋಡೆ ಗಿಳಿಹಸಿರು, ಇನ್ನರ್ಧ ಕಡು ನೀಲಿ. ಸೌಂದರ್ಯಾ ಗೋಡೆಗೆ ಹೊಡೆದಳು. ಬೆಳಕು ಮೆತ್ತಗೆಯೇ ತಿರುಗಿ ಬಂತು.

ಮರಿಯವ್ವ ಕ್ಯಾಮೆರಾದ ಬೆನ್ನಿನ ಮೇಲೆ ತನ್ನನ್ನು ನೋಡಿಕೊಂಡಳು. "ಇದೇನಲೇ, ಮೂರು ದಿನ ಬಾವ್ಯಾಗ ಬಿದ್ದಾಕೀನ ಎತ್ತಿ ತಂದಂಗ ಐತಿ?"

ಈ ಸಲ ಸೌಂದರ್ಯಾಳೂ ನಕ್ಕಳು. ನಕ್ಕು, ಹಗ್ಗದ ಮೇಲೆ ಒಣಗುತ್ತಿದ್ದ ದೊಡ್ಡಪ್ಪನ ಬಿಳಿ ಧೋತರ ಎಳೆದು ತಂದು ಕಂಬದಿಂದ ಕಂಬಕ್ಕೆ ಕಟ್ಟಿದಳು. ಗೋಡೆಯ ಬದಲು ಅದಕ್ಕೆ ಹೊಡೆದಳು. ಹಸಿರು ಹೋಯಿತು. ಇನ್ನೂ ಒಂದು ಕೊರತೆ ಉಳಿದಿತ್ತು. ಮಾಳಿಗೆಯ ಬೆಳಕಿಂಡಿಯಿಂದ ನೆತ್ತಿಯ ಮೇಲೆ ಬೀಳುವ ಬೆಳಕಿಗೆ, ಹೊದ್ದ ಸೆರಗಿನ ನೆರಳಿನಲ್ಲಿ ಕಣ್ಣುಗಳು ಎರಡು ತೂತಿನಂತೆ ಕಾಣುತ್ತಿದ್ದವು. ಹಿಟ್ಟು ಸಾಣಿಸುವ ಬಿಳಿ ಬಟ್ಟೆಯನ್ನು ಮರಿಯವ್ವನ ತೊಡೆಯ ಮೇಲೆ ಹಾಸಿದಾಗ, ಕೆಳಗಿನಿಂದ ಪುಟಿದ ಬೆಳಕಿನಲ್ಲಿ ಕಣ್ಣು ತೆರೆದುಕೊಂಡವು. ಧೋತರಕ್ಕೂ ಬಟ್ಟೆಗೂ ಒಂದು ಪೈಸೆ ಖರ್ಚಿಲ್ಲ. ಇಷ್ಟು ತಿಳಿಯಲು ಲೆನ್ಸು ಲೈಟಿನ ಅದಲುಬದಲಿನಲ್ಲಿ ಎರಡು ಟಗರಿನ ದುಡ್ಡಿನ ಕಾಲುಭಾಗ ಹೋಗಿತ್ತು.

ವಿದ್ಯೆ ಬಂತು, ಗಿರಾಕಿ ಬರಲಿಲ್ಲ. ಹಿರೇವಡ್ಡಟ್ಟಿ, ಶಿರಹಟ್ಟಿ, ಲಕ್ಷ್ಮೇಶ್ವರ ಎಲ್ಲ ಕಡೆಯೂ ಅದೇ ಪುರಾಣ. "ಕೂಸಿಂದು ತಗೀರಿ. ಅಜ್ಜೀದು ಬ್ಯಾಡ್ರಿ, ಇನ್ನಾ ಗಟ್ಟಿ ಅದಾಳ." ತೊಟ್ಟಿಲ ಫೋಟೊ, ಬಸ್‌ಪಾಸಿನ ಫೋಟೊಗಳಲ್ಲಿ ಐದು ತಿಂಗಳು ಕಳೆದವು. ಗದಗಿನಿಂದ ವೀರು ಅವರಿವರ ಬಾಯಲ್ಲಿ ಹೇಳಿ ಕಳಿಸುತ್ತಿದ್ದ: ಕುರ್ಚಿ ಒರೆಸಿ ಇಟ್ಟೀನಂತ ಹೇಳ್ರಿ.

ಸಂಕ್ರಾಂತಿಯ ಮೇಲೆ ಸೊರಟೂರಿನ ಅಂದಪ್ಪನಿಂದ ಫೋನು ಬಂತು. ಅರವತ್ತರ ಹತ್ತಿರದ ಮನುಷ್ಯ, ಎಪ್ಪತ್ತು ಎಕರೆಯ ಒಡೆಯ. ಹಳೇ ಮನೆಯ ಮುಂದೆಯೇ ಹೊಸ ಮನೆ ಕಟ್ಟಿಸಿದ್ದ, ವಾಸ್ತುಶಾಂತಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸು ಕಟ್ಟಿಸಬೇಕಿತ್ತು. ಫ್ಲೆಕ್ಸಿನ ಮೂಲೆಯಲ್ಲಿ ಅವ್ವನ ಮುಖ ಬೇಕು, ಕೆಳಗೆ "ಮಾತೋಶ್ರೀಯವರ ಆಶೀರ್ವಾದದಿಂದ" ಎಂದು. ಫ್ಲೆಕ್ಸಿಗಾದರೆ ಅಪಶಕುನವಿಲ್ಲ. ಆಶೀರ್ವಾದವನ್ನು ಜೀವ ಇದ್ದವರಿಂದಲೇ ಸುಲಿಯಬೇಕಲ್ಲ. ಅವನ ಅವ್ವ ಬಸವಣ್ಣೆವ್ವ ಗಂಡು ಫೋಟೊದವರನ್ನು ಒಳಗೆ ಬಿಡುವುದಿಲ್ಲ ಎಂದು ಹಟ ಹಿಡಿದಿದ್ದಕ್ಕೆ ಹೆಣ್ಣನ್ನು ಹುಡುಕಿ ಕರೆಸಿದ್ದ.

ಚೀಲದಿಂದ ಕ್ಯಾಮೆರಾ ಹೊರಗೆ ಬಂದಾಗ ಅಂದಪ್ಪ ಬಾಗಿ ನೋಡಿದ. "ಇಷ್ಟಽ ಏನ? ನಮ್ಮ ಮೊಮ್ಮಗನ ಆಟಿಗಿ ಸಾಮಾನು ಇದಕ್ಕಿಂತ ದೊಡ್ಡದೈತಿ."

"ಕೆಲಸಾ ನೋಡ್ರಿ ಸಾವ್ಕಾರ್ರ, ಆಮ್ಯಾಲೆ ಅನ್ನೀರಂತ."

"ನೋಡ್ತೀನಿ. ನಮ್ಮ ಅಣ್ತಮ್ಮರ ಮನಿ ಒಂಬತ್ತ ಅದಾವು. ಇದು ಮನಸಿಗೆ ಬಂದ್ರ ಎಲ್ಲಾ ಕಾರ್ಯಕ್ಕೂ ನಿನ್ನಽ ಕರಸ್ತೀನಿ. ಬರಲಿಲ್ಲಂದ್ರ ವೀರು ಅದಾನ. ಅವ್ವ ಬೆಳ್ಳಗ ಕಾಣಬೇಕು, ಅಷ್ಟಽ."

ಒಂಬತ್ತು ಮನೆ ಎಂದರೆ ವರ್ಷದ ಅನ್ನ. ಇದು ತಪ್ಪಿದರೆ ಉಳಿದದ್ದು ಒಂದು ತಿಂಗಳೂ ಅಲ್ಲ. ಸೌಂದರ್ಯಾ ಆ ಬೆಳ್ಳಗೆ ಎನ್ನುವ ಮಾತಿಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಹೊಟ್ಟೆಯ ವಿಷಯ ಬಂದಾಗ ಆಕೆಯ ನಾಲಿಗೆಯೂ ಎಲ್ಲರದರಂತೆಯೇ ಮಡಚಿಕೊಂಡಿತು.

ಹೊಸ ಮನೆಯ ಹಾಲ್‌ನ ಛತ್ತಿನಲ್ಲಿ ನೀಲಿ, ನೇರಳೆ, ಕೆಂಪು ದೀಪದ ಪಟ್ಟಿಗಳು ಓಡುತ್ತಿದ್ದವು. ಬಸವಣ್ಣೆವ್ವ ಬಾಗಿಲಲ್ಲಿ ನಿಂತು ಮೇಲೆ ನೋಡಿ, "ಧಾಬಾದಾಗ ಕುಂಡ್ರೂದಿಲ್ಲ ನಾ" ಎಂದು ಹಳೇ ಮನೆಗೇ ತಿರುಗಿದಳು. ಅಲ್ಲಿ ಬೆಳಕಿಂಡಿಯ ಕೆಳಗೆ, ಕಂಬಕ್ಕೆ ಒರಗಿ ಕುಂತಳು. ಎಂಬತ್ತೆರಡು ವರ್ಷ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಎರೆಹೊಲದಂಥ ಕಪ್ಪು ಮುಖ. ಇಂಥ ಮುಖಕ್ಕೆ ನೇರ ಫ್ಲ್ಯಾಶು ಹೊಡೆದರೆ ವಿಭೂತಿ ಟ್ಯೂಬ್‌ಲೈಟಿನಂತೆ ಉರಿದು, ಉಳಿದದ್ದೆಲ್ಲ ಕತ್ತಲಾಗುತ್ತದೆ. ಸೌಂದರ್ಯಾ ಧೋತರ ಕಟ್ಟಿದಳು, ತೊಡೆಗೆ ಬಟ್ಟೆ ಹಾಸಿದಳು, ಫ್ಲ್ಯಾಶನ್ನು ಧೋತರಕ್ಕೆ ತಿರುಗಿಸಿ ಅರ್ಧಕ್ಕೆ ಇಳಿಸಿದಳು. ಒಂದಂಕಣ ದೂರದಲ್ಲಿ ಮಂಡಿಯೂರಿದಳು.

"ಎಷ್ಟೊತ್ತೇ ಹುಡುಗಿ? ಉಪ್ಪಿನಕಾಯಿ ಹಾಕಿದ್ರ ಇಷ್ಟೊತ್ತಿಗೆ ಕಳೀತಿತ್ತು."

"ಆತ್ರಿ ಅಮ್ಮಾರ."

ಎರಡು ದಿನ ಬಿಟ್ಟು, ಫ್ಲೆಕ್ಸಿಗೆ ಕೊಡುವ ಮೊದಲು ತೋರಿಸಲೆಂದು, ಮೊಳಕ್ಕೆ ಒಂದು ಬೆರಳು ಕಡಿಮೆಯ ಪ್ರಿಂಟು ಕಟ್ಟು ಹಾಕಿಸಿ ತಂದಳು. ಅಂದಪ್ಪ ಹಾಲಿನಲ್ಲೇ ಬಿಚ್ಚಿ ನೋಡಿದ. ಹುಬ್ಬು ಗಂಟಾಯಿತು.

"ಏನ್ವಾ ಇದು? ನಮ್ಮವ್ವ ಹತ್ತಿ ಬಿಡಸಾಕ ಬರೂ ಆಳಿನಂಗ ಕಾಣ್ತಾಳ. ಈ ಗ್ವಾಡಿ ಮ್ಯಾಲಿನವ್ರನ್ನ ನೋಡು, ಹೆಂಗ ಅದಾರ!"

ಸೌಂದರ್ಯಾ ಗೋಡೆ ನೋಡಿದಳು. ಏಳು ಮಂದಿ ಸತ್ತವರು, ಪ್ಲಾಸ್ಟಿಕ್ ಹಾರ, ಎಲ್ಲರೂ ಹಿಟ್ಟಿನ ಗಿರಣಿಯಿಂದ ಎದ್ದು ಬಂದ ಹಾಗೆ. ಅವರಲ್ಲಿ ಮೂವರು, ಹಳೇ ಫೋಟೊದಿಂದ ಹಿಗ್ಗಿಸಿದ್ದು, ಆಕೆಯದೇ ಕೈಕೆಲಸ. ಗಲ್ಲದ ಕೆಳಗೆ ಬಿಳಿ ಕುತ್ತಿಗೆಗೆ ಕೂಡುವ ಕಡೆ ತಾನು ಅವಸರ ಮಾಡಿದ ಗೆರೆಯನ್ನೂ ಗುರುತಿಸಿದಳು.

"ಬೆಳ್ಳಗ ಮಾಡ್ಕೊಂಡು ನಾಳೆ ತಾ. ಇಲ್ಲಾ, ಫೋನ್ ಹಚ್ಚಿ ವೀರೂನ ಕರೀಲಿ?"

ಹತ್ತು ನಿಮಿಷದ ಕೆಲಸ. ಬೆರಳುಗಳಿಗೆ ಬಾಯಿಪಾಠವಾಗಿತ್ತು, ಕಣ್ಣು ಮುಚ್ಚಿಯೂ ಮಾಡಬಲ್ಲಳು. ಬಾಯಿ ತೆರೆದು ಆಗಲಿ ಎನ್ನುವುದರಲ್ಲಿದ್ದಳು. ಅಷ್ಟರಲ್ಲಿ ಬಸವಣ್ಣೆವ್ವ ಕೋಲು ಊರುತ್ತ ಒಳಗೆ ಬಂದಳು.

"ತಾ ಇಲ್ಲಿ. ಮಾರಿ ನಂದು, ನೋಡಾವ ನೀನು."

ಕನ್ನಡಕ ಏರಿಸಿ, ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ಬಹಳ ಹೊತ್ತು ನೋಡಿದಳು.

"ಕರಿ ಅದೀನಲ್ಲ" ಎಂದಳು.

ಸೌಂದರ್ಯಾ ಫೋಟೊ ತಿರುಗಿ ಇಸಕೊಳ್ಳಲು ಕೈ ಚಾಚಿದಳು. ಮುದುಕಿಗೂ ಅದೇ ಬೇಕು ಎಂದುಕೊಂಡಳು. "ಬೆಳ್ಳಗ ಮಾಡ್ಲೇನ್ರಿ ಅಮ್ಮಾರ?"

ಬಸವಣ್ಣೆವ್ವ ಕೋಲೆತ್ತಿ ಗೋಡೆಯ ನಡುವಿನ ಫೋಟೊ ತೋರಿಸಿದಳು. "ಈಕಿ ನಮ್ಮತ್ತಿ. ನಾ ಮದುವ್ಯಾಗಿ ಬಂದ ಮರುವರ್ಷ ಗದಗಿಂದ ಫೋಟೊದಾಂವ ಬಂದಿದ್ದ. ಎಲ್ಲಾರೂ ಸಾಲಾಗಿ ನಿಂತ್ರು. ಈಕಿ ನನ್ನ ರಟ್ಟಿ ಹಿಡಿದು ಹೊರಗ ಎಳದ್ಲು. 'ಈ ಇದ್ಲೀನ ನಡಕ ನಿಂದ್ರಿಸಿದ್ರ ಫೋಟೊ ಎಲ್ಲಾ ಕರ್ರಗಾಗ್ತೈತಿ, ದನದ ಮನ್ಯಾಗಿರ್ಲಿ' ಅಂದ್ಲು. ಅವ್ರು ಫೋಟೊ ತಗಸ್ಕೊಂಡ್ರು. ನಾ ಸಗಣಿ ಬಳದ್ನಿ." ಕೋಲನ್ನು ಇನ್ನಷ್ಟು ಮೇಲೆತ್ತಿದಳು. "ಈಕೀನೂ ಏನ್ ಬೆಳ್ಳಗಿರಲಿಲ್ಲ. ನನಗಿಂತ ಒಂದು ಕೈ ಹೆಚ್ಚಿಗೀನಽ ಕರಿ. ಈಕಿಗೆ ಸುಣ್ಣಾ ಬಳದಾವ ಯಾವ ಹಾಟ್ಯಾ?"

"ನಾನಽ ರೀ ಅಮ್ಮಾರ" ಎಂದಳು ಸೌಂದರ್ಯಾ.

ಬಸವಣ್ಣೆವ್ವ ಆಕೆಯನ್ನು ಮೇಲಿಂದ ಕೆಳಗೆ ನೋಡಿದಳು. ಹಲ್ಲಿಲ್ಲದ ಬಾಯಿ ಅಗಲವಾಯಿತು. "ಒಪ್ಕೊಂಡ್ಯಲ್ಲ, ಪಾಡಾತು. ಹಂಗಾರ ನಂದು ಮುಟ್ಟಬ್ಯಾಡ. ಇದನ್ನ ಹಿಂಗಽ ಆಕಿ ಬಾಜೂಕ ಹಚ್ಚು. ದಿನಾ ನೋಡ್ಲಿ ರಂಡಿ."

"ಯವ್ವಾ!" ಅಂದಪ್ಪ ಚೀರಿದ. "ಅದು ಸತ್ತೋರ ಗ್ವಾಡಿ!"

"ಗೊತ್ತೈತಿ. ಸಾಯೂತನಾ ಕಾದ್ರ ನೀ ನನಗೂ ಹಿಟ್ಟು ಮೆತ್ತಿ ಹಚ್ಚಾವ. ಈಗ ಹಚ್ಚಿದ್ರ ನಾ ನೋಡ್ಕೊಂಡು ಕುಂಡ್ರತೀನಿ."

"ಮಂದಿ ಏನಂದಾರು? ಜೀವ ಇದ್ದಾಕೀನ ಗ್ವಾಡಿಗೆ ಏರಿಸಿದ ಅಂತ ಮಾರಿ ಮ್ಯಾಲೆ ಉಗುಳ್ತಾರ."

"ಮಂದಿ ಬರ್ಲಿ. ಸತ್ತಿಲ್ಲ ಅಂತ ನಾನಽ ಹೇಳ್ತೀನಿ. ಮೂಡಣ ಹೊಲದ ಉತಾರದಾಗ ಇನ್ನೂ ಯಾರ ಹೆಸರು ಐತಿ ಅದನ್ನೂ ಹೇಳ್ತೀನಿ."

ಅಪಶಕುನದ ಶಾಸ್ತ್ರ ಅಲ್ಲಿಗೆ ಮುಗಿಯಿತು. ಇನ್ನೂ ಅವ್ವನ ಹೆಸರಿನಲ್ಲೇ ಪಹಣಿ ಇದ್ದ ಇಪ್ಪತ್ತಾರು ಎಕರೆ ಮೂಡಣ ಹೊಲದ ಮುಂದೆ ನಿಲ್ಲುವಷ್ಟು ಗಟ್ಟಿ ಶಾಸ್ತ್ರ ಸೊರಟೂರಿನಲ್ಲಿ ಇನ್ನೂ ಹುಟ್ಟಿಲ್ಲ. ಅಂದಪ್ಪ ತಾನೇ ಸ್ಟೂಲು ಹತ್ತಿ ಮೊಳೆ ಬಡಿದ. ಮೊದಲ ಏಟು ಹೆಬ್ಬೆರಳಿಗೆ ಬಿತ್ತು.

ವಾಸ್ತುಶಾಂತಿಯ ದಿನ ಬಸ್‌ಸ್ಟ್ಯಾಂಡಿನ ಫ್ಲೆಕ್ಸಿನಲ್ಲಿ ಅಂದಪ್ಪ ಮೈದಾಹಿಟ್ಟಿನಂತಿದ್ದ, ಮೂಲೆಯಲ್ಲಿ ಅವ್ವ ಎರೆಮಣ್ಣಿನಂತೆ. ಮಗನನ್ನು ಎಲ್ಲಿಂದಲೋ ದತ್ತು ತಂದಹಾಗೆ ಕಾಣುತ್ತಿತ್ತು. ಮನೆಯೊಳಗೆ ಒಂಬತ್ತು ಮನೆಯ ಮುದುಕ ಮುದುಕಿಯರು ಗೋಡೆಯ ಮುಂದೆ ಸೇರಿದ್ದರು. ಯಾರೂ ಬೆಳಕು ಚೆನ್ನಾಗಿದೆ, ಕಣ್ಣು ಜೀವಂತವಾಗಿವೆ ಎಂದು ಹೊಗಳಲಿಲ್ಲ. ಅದರ ಎದುರಿಗೆ ಕುರ್ಚಿ ಹಾಕಿಸಿಕೊಂಡು ಅತ್ತೆಯನ್ನು ದಿಟ್ಟಿಸುತ್ತ ಕುಂತ ಬಸವಣ್ಣೆವ್ವನನ್ನು ಕಂಡು ಅವರ ಹೊಟ್ಟೆ ಉರಿಯಿತು. ತಮಗೂ ಗೋಡೆಯ ಮೇಲೆ ಲೆಕ್ಕ ತೀರಿಸಬೇಕಾದವರು ಇದ್ದರು. ಒಬ್ಬಳಿಗೆ ಸವತಿ, ಒಬ್ಬನಿಗೆ ಅಪ್ಪ, ಮತ್ತೊಬ್ಬನಿಗೆ ಅಣ್ಣ. ಸತ್ತಮೇಲೆ ಮಕ್ಕಳು ತಮ್ಮ ಮುಖ ಕೆಡಿಸುವುದು ಖಾತ್ರಿ ಎಂದು ಎಲ್ಲರಿಗೂ ಒಮ್ಮೆಲೇ ಹೊಳೆಯಿತು. ಉಂಡು ಕೈ ತೊಳೆಯುವ ಮೊದಲೇ ಸೌಂದರ್ಯಾಳನ್ನು ಸುತ್ತುಗಟ್ಟಿದರು. ಮಕ್ಕಳ ಅಪ್ಪಣೆ ಯಾರೂ ಕೇಳಲಿಲ್ಲ. ಆರನೆಯ ತಿಂಗಳು ಮುಗಿಯುವ ಹೊತ್ತಿಗೆ ಸೊರಟೂರಿನಲ್ಲೇ ಹನ್ನೊಂದು ಮುಖ ಆಗಿ, ಪಕ್ಕದ ಊರುಗಳಿಂದ ಕರೆ ಬರತೊಡಗಿತ್ತು. ವೀರೂನ ಫೋನನ್ನು ಆಕೆ ಎತ್ತಲೇ ಇಲ್ಲ. ಕಲೆ ಗೆದ್ದಿತು ಎನ್ನುವವರು ಎನ್ನಲಿ. ಆಕೆಗೆ ಅನ್ನ ಹಾಕಿದ್ದು ಸೊರಟೂರಿನ ಮುದುಕರ ಹಳೇ ಸಿಟ್ಟು.

ಹನ್ನೆರಡನೆಯವನು ಸಂಗಪ್ಪ, ತೊಂಬತ್ತಕ್ಕೆ ಎರಡು ಕಡಿಮೆ. ಹೊಲದ ಗಡಿ ಬಾಂದಿನ ಜಗಳದಲ್ಲಿ ನಲವತ್ತು ವರ್ಷ ಮಾತು ಬಿಟ್ಟ ಅವನ ಅಣ್ಣ ಮೂರು ವರ್ಷದ ಹಿಂದೆ ಗೋಡೆ ಸೇರಿದ್ದ.

"ಸ್ವಲ್ಪ ನಗ್ರೀ ಅಜ್ಜಾರ" ಎಂದಳು ಸೌಂದರ್ಯಾ, ಧೋತರದ ಗಂಟು ಬಿಗಿಯುತ್ತ.

"ಯಾಕ ನಗಬೇಕು? ನಮ್ಮಣ್ಣ ಅದಾನಲ್ಲ, ಆ ಮಗನ ಎದುರಿಗೆ ಹಚ್ಚಾವ ಅದೀನಿ. ಸಿಟ್ಟೀಲೆ ತಗಿ."

ಆಕೆ ಧೋತರವನ್ನು ಒಂದು ಮೊಳ ಪಕ್ಕಕ್ಕೆ ಸರಿಸಿದಳು. ಒಂದು ಕೆನ್ನೆಗೆ ನೆರಳು ಬಿತ್ತು, ಹುಬ್ಬು ಎದ್ದಿತು. ತೊಡೆಯ ಮೇಲಿನ ಬಟ್ಟೆಯನ್ನೂ ತೆಗೆದಳು.

"ಇನ್ನಷ್ಟು ಗುರಾಯಿಸ್ರಿ" ಎಂದು ಒತ್ತಿದಳು.